ಮರಿ ಬೆಳೆಯಿತು, ಬೆಲ್ಟ್ ಬೆಳೆಯಲಿಲ್ಲ

ಮೊದಲು ವಾಸನೆ ಹಿಡಿದದ್ದು ಆಯಿ.

ಮಾರ್ಚ್ ತಿಂಗಳು. ತಿಕೋಟಾ ಕಡೆಯ ತೋಟಗಳಲ್ಲಿ ಆಗ ಯಾರಿಗೂ ಯಾರ ಮುಖ ನೋಡಲೂ ಪುರುಸೊತ್ತು ಇರುವುದಿಲ್ಲ. ದ್ರಾಕ್ಷಿ ಕಡಿಯಬೇಕು, ದ್ರಾವಣದಲ್ಲಿ ಅದ್ದಬೇಕು, ಶೆಡ್ಡಿನಲ್ಲಿ ಒಣಹಾಕಬೇಕು. ನಡುವೆ ಎಲ್ಲಾದರೂ ಮೋಡ ಕಂಡರೆ ಎದೆ ಬಡಿದುಕೊಳ್ಳುತ್ತದೆ. ಅಂಥ ಒಂದು ಸಂಜೆ ರೊಟ್ಟಿ ಚೂರು ಹಾಕಲು ಹೋದ ಆಯಿ ಮೂಗಿಗೆ ಸೆರಗು ಹಿಡಿದು ಕೂಗಿದಳು: "ಏ ತಮ್ಮಾ, ಈ ರಾಜಾನ ಕೊರಳಾಗ ಏನೋ ಸತ್ತಂಗ ನಾರ್ಲಾಕತ್ತದ, ಬಂದು ನೋಡು."

ಕೂದಲು ಸರಿಸಿ ನೋಡಿದರೆ ಬೆಲ್ಟೇ ಕಾಣಲಿಲ್ಲ. ಬಕ್ಕಲ್ ಮಾತ್ರ ಹೊರಗಿತ್ತು. ಉಳಿದ ಕೆಂಪು ಪಟ್ಟಿ ಸುತ್ತಲೂ ಚರ್ಮದೊಳಗೆ ಇಳಿದುಹೋಗಿತ್ತು. ಅದರ ಮೇಲೆ ಚರ್ಮ ಎರಡೂ ಕಡೆಯಿಂದ ಬೆಳೆದು ಕೂಡಲು ಹವಣಿಸುತ್ತಿತ್ತು. ಕೆಳಗೆ ಕೀವು, ಕೀವಿನಲ್ಲಿ ಹುಳ.

ಆ ಬೆಲ್ಟ್ ಕಟ್ಟಿದ್ದು ನಾವು.

ನಾವು ಎಂದರೆ ಮೂವರು. ಪತ್ರಿಕೋದ್ಯಮ ಓದುವಾಗ ವಿಜಯಪುರದಲ್ಲಿ ಒಂದೇ ಬಾಡಿಗೆ ರೂಮಿನಲ್ಲಿ ಇದ್ದವರು. ಒಬ್ಬರ ಮನೆ ತಿಕೋಟಾ ಹತ್ತಿರ ತೋಟದಲ್ಲಿ, ಇನ್ನೊಬ್ಬರದು ಬಬಲೇಶ್ವರದಲ್ಲಿ, ಮೂರನೆಯವರು ನಗರದವರೇ. ದೀಪಾವಳಿ ಮುಂದೆ ರೂಮಿನ ಗಟಾರದ ಪಕ್ಕ ಸಿಕ್ಕ ಮರಿ ರಾಜಾ. ಊರ ನಾಯಿ, ಕೊರಳಲ್ಲಿ ದಟ್ಟ ಕೂದಲು. ಮನೆ ಮಾಲೀಕರು "ನಾಯಿ ಇದ್ದರ ರೂಮ್ ಖಾಲಿ ಮಾಡ್ರಿ" ಅಂದರು. ಹಾಗಾಗಿ ಬೈಕಿನಲ್ಲಿ ಕೂರಿಸಿಕೊಂಡು ತಿಕೋಟಾ ತೋಟಕ್ಕೆ ಬಿಟ್ಟು ಬಂದೆವು. ಹೋಗುವ ಮೊದಲು ಮಾರ್ಕೆಟ್ಟಿಗೆ ಹೋಗಿ ಒಂದು ಕೆಂಪು ನೈಲಾನ್ ಬೆಲ್ಟ್ ತಂದೆವು. ಅಂಗಡಿಯವರು "ಯಾವ ಬ್ರೀಡ್?" ಎಂದು ಕೇಳಿದರು. "ಊರ ನಾಯಿರೀ" ಅಂದಾಗ ಕೈಗೆ ಸಿಕ್ಕ ಸಣ್ಣ ಸೈಜು ಕೊಟ್ಟರು. ನಾವೂ ಅಳತೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರಿಯ ಕೊರಳಿಗೆ ಹಾಕಿ ಫೋಟೊ ತೆಗೆದು ಸ್ಟೇಟಸ್ ಇಟ್ಟೆವು. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಎರಡು ತಿಂಗಳ ಮರಿ ಆರು ತಿಂಗಳಿಗೆ ಹೆಚ್ಚುಕಡಿಮೆ ದೊಡ್ಡ ನಾಯಿಯೇ ಆಗುತ್ತದೆ. ಈ ಲೆಕ್ಕ ಹಳ್ಳಿಯಲ್ಲಿ ಹುಟ್ಟಿದ ನಮಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು, ನೆನಪಾಗಲಿಲ್ಲ.

ಆ ರಾತ್ರಿ ಬಾಯಿಗೆ ಬಟ್ಟೆ ಕಟ್ಟಿ ಇಬ್ಬರು ಹಿಡಿದುಕೊಂಡು, ಬೆಲ್ಟನ್ನು ಎಳೆಯಲು ಹೋದೆವು. ಅದೇ ನಾವು ಮಾಡಿದ ಎರಡನೆಯ ತಪ್ಪು. ಎಳೆದರೆ ಹಸಿ ಚರ್ಮವೂ ಕಿತ್ತು ಬರುತ್ತದೆ. ಬೆಳಿಗ್ಗೆ ಸರಕಾರಿ ಪಶು ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಮೊದಲು ನೋವಿಗೆ ಇಂಜೆಕ್ಷನ್ ಕೊಟ್ಟರು. ಬಕ್ಕಲ್ ಪಕ್ಕದಲ್ಲಿ ಪಟ್ಟಿಯನ್ನು ಕತ್ತರಿಸಿ, ಗಾಯವನ್ನು ನೆನೆಸುತ್ತಾ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಆಮೇಲೆ ಹುಳ ತೆಗೆಯುತ್ತಾ, ತಲೆ ಎತ್ತದೆ ಹೇಳಿದರು: "ಮರಿ ಬೆಳದದ, ಬೆಲ್ಟ್ ಬೆಳದಿಲ್ಲ. ಇಷ್ಟ ಆಗೇದ. ತಿಂಗಳಿಗೆ ಒಂದಾದರೂ ಇಂಥಾದ್ದು ಬರ್ತದ ನನ್ನ ಕಡಿ." ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

ನಿಮ್ಮ ಮನೆಯಲ್ಲಿ ಹೀಗಾದರೆ ಕತ್ತರಿ ಹಿಡಿದು ಪ್ರಯೋಗ ಮಾಡಬೇಡಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಒಯ್ಯಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ ಕೇಳಿ, ಅದು ಜಾನುವಾರುಗಳ ಸಂಚಾರಿ ಚಿಕಿತ್ಸಾ ವಾಹನದ ಉಚಿತ ನಂಬರು.

ನಮಗೆ ನಾಚಿಕೆಯಾದದ್ದು ಆಸ್ಪತ್ರೆಯಲ್ಲಿ ಅಲ್ಲ, ಮನೆಗೆ ಬಂದ ಮೇಲೆ. ತೋಟದ ಮುತ್ಯಾನಿಗೆ ಎಂಬತ್ತು ದಾಟಿದೆ. ಆತನ ದನದ ಕೊಟ್ಟಿಗೆಯಲ್ಲಿ ಯಾವ ಕರುವಿನ ಕೊರಳಿಗೂ ಇಂಥ ಗಾಯ ಆದದ್ದನ್ನು ನಾವು ಕಂಡಿಲ್ಲ. ಕರುವಿಗೆ ಮೆತ್ತನೆಯ ನೂಲಿನ ಕಣ್ಣಿ, ಬೆಳೆದಂತೆ ಗಂಟು ಸಡಿಲಿಸುವುದು, ದಪ್ಪಾದ ಮೇಲೆ ಬೇರೆ ಹಗ್ಗ, ಹೋರಿಯಾದ ಮೇಲೆ ಮೂಗುದಾರ, ಅದು ಸವೆದರೆ ಹಸಿ ಮೂಗು ಕೊಯ್ಯುವ ಮೊದಲೇ ಹೊಸದು. ಯಾವುದಕ್ಕೂ ಪುಸ್ತಕವಿಲ್ಲ. ದಿನಾ ಮೈ ತಿಕ್ಕುವಾಗ ಕೈ ತಾನೇ ಕೊರಳಿಗೆ ಹೋಗುತ್ತದೆ, ಕೈಗೆ ತಿಳಿಯುತ್ತದೆ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋದರೆ ಮುತ್ಯಾ ಹಗ್ಗದ ಅಂಗಡಿಯಲ್ಲೇ ಒಂದು ತಾಸು ನಿಲ್ಲುತ್ತಾನೆ. ಹುರಿ ಬಿಚ್ಚಿ ನೋಡುತ್ತಾನೆ, ಗೆಜ್ಜೆಪಟ್ಟಿ ತಿರುಗಿಸಿ ಒಳಗಿನ ಹೊಲಿಗೆ ನೋಡುತ್ತಾನೆ, ಬೇಡವಾದರೆ ಬಿಟ್ಟು ಮುಂದೆ ಹೋಗುತ್ತಾನೆ. ಅದೇ ಮನೆಯಲ್ಲಿ ನಾಯಿಗೆ ಸಿಗುವುದು ಮುರಿದ ಬಕೆಟ್ಟಿನ ಹಗ್ಗ, ಇಲ್ಲವೇ ನಮ್ಮಂಥವರು ತಂದ ಕೆಂಪು ಪಟ್ಟಿ.

"ನಾಯಿ ಮೈಮ್ಯಾಲೆ ಕೈ ಆಡಸೂದಿಲ್ಲ ನಾವು, ಅದಕ್ಕ ಗೊತ್ತಾಗಲಿಲ್ಲ" ಎಂದ ಮುತ್ಯಾ. ಅಷ್ಟೇ ಹೇಳಿದ್ದು.

ದೃಷ್ಟಿ ತಾಗಬಾರದು ಎಂದು ಮರಿಗೆ ಕಟ್ಟುವ ಕರಿ ದಾರವೂ ಹೀಗೇ ಮಾಡುತ್ತದೆ. ಬೆಲ್ಟಿಗಿಂತ ಕೆಟ್ಟದ್ದು, ಏಕೆಂದರೆ ಅದು ತೆಳ್ಳಗೆ, ಕೂದಲಲ್ಲಿ ಕಾಣುವುದೇ ಇಲ್ಲ, ಬೇಗ ಕೊಯ್ಯುತ್ತದೆ. ಕಟ್ಟಲೇಬೇಕು ಅನ್ನುವವರು ಒಂದು ಸಲ ಎಳೆದರೆ ಹರಿಯುವಷ್ಟು ಸಣ್ಣ ದಾರ ಕಟ್ಟಿ, ತಿಂಗಳಿಗೊಮ್ಮೆ ಬದಲಿಸಿ.

ಇದಾದ ಮೇಲೆ ನಾವು ತುಂಬಾ ಜಾಣರಾದೆವು ಎಂದುಕೊಂಡೆವು. ಬಬಲೇಶ್ವರದ ಮನೆಗೆ ಮುಧೋಳ ಮರಿ ಬಂದಾಗ ಬೆಲ್ಟನ್ನು ಬೇಕಂತಲೇ ಸಡಿಲ ಕಟ್ಟಿದೆವು.

ಬಬಲೇಶ್ವರದಿಂದ ಕೃಷ್ಣಾ ನದಿ ದಾಟಿದರೆ ಮುಧೋಳ ದೂರವೇನಲ್ಲ. ಅಲ್ಲಿಯ ಬೇಟೆ ನಾಯಿಯ ಸುದ್ದಿ ನಿಮಗೆ ಗೊತ್ತೇ ಇದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಸೇನೆಯವರು ಈ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಇದರ ಹೆಸರು ಹೇಳಿದ ಮೇಲಂತೂ ನಮ್ಮ ಕಡೆ ಮರಿ ಕೇಳುವವರು ಹೆಚ್ಚಾದರು. ಆದರೆ ಈ ನಾಯಿಯ ಕೊರಳಿನ ವಿಷಯ ಯಾರೂ ಹೇಳಲಿಲ್ಲ.

ಮುಧೋಳ ನಾಯಿಯ ತಲೆ ಉದ್ದ, ಕಿರಿದು. ಕೊರಳು ಉದ್ದ, ಗಟ್ಟಿ. ಕಿವಿಯ ಹಿಂದೆ ತಲೆಯ ಸುತ್ತಳತೆ ತೆಗೆದರೆ ಅದು ಕೊರಳಿಗಿಂತ ಹೆಚ್ಚೇನೂ ಇರುವುದಿಲ್ಲ, ಎಷ್ಟೋ ನಾಯಿಗಳಲ್ಲಿ ಕಡಿಮೆಯೇ. ಬೇರೆ ನಾಯಿಗಳಿಗೆ ತಲೆಯೇ ಅಡ್ಡ ಬರುವುದರಿಂದ ಬೆಲ್ಟ್ ಜಾರುವುದಿಲ್ಲ. ಇದಕ್ಕೆ ಅಡ್ಡವೇ ಇಲ್ಲ. ಹಿಂದಕ್ಕೆ ಎರಡು ಹೆಜ್ಜೆ ಸರಿದು ತಲೆ ಬಗ್ಗಿಸಿದರೆ ಸಾಕು, ಬೆಲ್ಟ್ ನಿಮ್ಮ ಕೈಯಲ್ಲಿ, ನಾಯಿ ರಸ್ತೆಯಲ್ಲಿ.

ನಮಗೂ ಹಾಗೇ ಆಯಿತು. ಮದುವೆ ಮೆರವಣಿಗೆಯ ಪಟಾಕಿ ಹೊಡೆಯಿತು. ಚೆನ್ನಿ ಬೆದರಿ ಹಿಂದಕ್ಕೆ ಜಗ್ಗಿತು. ಸರಪಳಿ ಸಮೇತ ಬೆಲ್ಟ್ ನಮ್ಮ ಕಾಲ ಬಳಿ ಬಿತ್ತು. ನಾಯಿ ವಿಜಯಪುರ ರಸ್ತೆಗೆ ನುಗ್ಗಿದಾಗ ಎದುರಿನಿಂದ ಬಂದ ಬೈಕಿನವರು ತಪ್ಪಿಸಲು ಹೋಗಿ ಬಿದ್ದರು. ಪುಣ್ಯಕ್ಕೆ ತಲೆಗೆ ಪೆಟ್ಟಾಗಲಿಲ್ಲ. ಮೊಣಕಾಲು ಕಿತ್ತು, ಮುಂಗೈ ಎಲುಬು ಬಿರುಕು ಬಿಟ್ಟಿತ್ತು. ಕೂಲಿ ಮಾಡಿ ತಿನ್ನುವ ಮನುಷ್ಯ, ಒಂದೂವರೆ ತಿಂಗಳು ಪಟ್ಟಿ ಕಟ್ಟಿಕೊಂಡು ಕೂತರು. ಆಸ್ಪತ್ರೆ ಖರ್ಚು ನಾವು ಕೊಟ್ಟೆವು. ಕೂಲಿಯ ನಷ್ಟವನ್ನೂ ಕೊಡಲು ಹೋದಾಗ ಅರ್ಧ ತೆಗೆದುಕೊಂಡು, "ನಾಯಿ ಸಿಕ್ಕಿತೇನ್ರಿ?" ಎಂದು ಕೇಳಿದರು. ಚೆನ್ನಿ ರಾತ್ರಿ ಹತ್ತಕ್ಕೆ ಜೋಳದ ಕೂಳೆಯ ಹೊಲದಲ್ಲಿ ಸಿಕ್ಕಿತ್ತು, ಮೈಗೆ ಒಂದು ಗೀರೂ ಇಲ್ಲದೆ.

ಬಿಗಿಯಾದರೆ ನಾಯಿಗೆ ಗಾಯ, ಸಡಿಲಾದರೆ ಮಂದಿಗೆ. ಹಾಗಾದರೆ ಎಷ್ಟು? ಆಮೇಲೆ ನಾವು ಕೇಳಿ ತಿಳಿದದ್ದು, ಮಾಡಿ ನೋಡಿದ್ದು ಇಷ್ಟು.

ಅಂಗಡಿಗೆ ಹೋಗುವ ಮೊದಲು ಒಂದು ದಾರ ತೆಗೆದುಕೊಂಡು ಕೊರಳಿಗೆ ಸುತ್ತಿ ಅಳತೆಯ ಜಾಗದಲ್ಲಿ ಗಂಟು ಹಾಕಿ. ಅದೇ ದಾರವನ್ನು ಕಿವಿಯ ಹಿಂದೆ ತಲೆಗೂ ಸುತ್ತಿ ನೋಡಿ. ದಾರವನ್ನೇ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಸ್ಮಾಲ್, ಮೀಡಿಯಂ, ಲಾರ್ಜ್ ಎಂಬುದು ಒಂದೊಂದು ಕಂಪನಿಗೆ ಒಂದೊಂದು, ಅದನ್ನು ನಂಬಬೇಡಿ. ಕಟ್ಟಿದ ಮೇಲೆ ಬೆಲ್ಟಿನ ಕೆಳಗೆ ನಿಮ್ಮ ಎರಡು ಬೆರಳು ಮಲಗಿಸಿ ತೂರಿಸಿ. ಸಲೀಸಾಗಿ ಹೋಗಬೇಕು, ಮೂರನೆಯದು ಹೋಗಬಾರದು. ನಾಯಿ ನಿಂತಾಗಲೂ ನೋಡಿ, ತಲೆ ಬಗ್ಗಿಸಿದಾಗಲೂ ನೋಡಿ. ಮರಿಯಾದರೆ ವಾರಕ್ಕೊಮ್ಮೆ ಇದನ್ನು ಮಾಡಲೇಬೇಕು. ನಾವು ಸಂತೆಯ ದಿನ ಎಂದು ಗುರುತು ಮಾಡಿಕೊಂಡಿದ್ದೇವೆ, ಮರೆಯುವುದಿಲ್ಲ. ಬೆರಳು ಹಾಕಿದಾಗ ಉಣ್ಣಿಯೂ ಕೈಗೆ ಸಿಗುತ್ತದೆ, ಬೆಲ್ಟಿನ ಕೆಳಗೆ ಅದಕ್ಕೆ ಒಳ್ಳೆಯ ಆಸರೆ.

ಮುಧೋಳ ಜಾತಿಗೆ ಅಗಲ ಬೆಲ್ಟ್ ಬೇಕು, ಒಂದೂವರೆ ಇಂಚಿಗೆ ಕಡಿಮೆ ಬೇಡ. ಸಣ್ಣ ಪಟ್ಟಿ ಅದರ ತೆಳು ಚರ್ಮವನ್ನು ಕೊಯ್ಯುತ್ತದೆ. ಅದಕ್ಕಾಗಿಯೇ ಎರಡು ಕುಣಿಕೆಯ ಪಟ್ಟಿ ಎಂದು ಒಂದಿದೆ. ದೊಡ್ಡ ಕುಣಿಕೆ ಕೊರಳಿಗೆ, ಅದರ ತುದಿಯ ಎರಡು ಬಳೆಗಳಲ್ಲಿ ತೂರಿದ ಸಣ್ಣ ಕುಣಿಕೆ ಮೇಲೆ. ಹಗ್ಗವನ್ನು ಸಣ್ಣದಕ್ಕೆ ಹಾಕುತ್ತಾರೆ. ನಾಯಿ ಜಗ್ಗಿದಾಗ ತಲೆ ಜಾರದಷ್ಟು ಬಿಗಿಯಾಗುತ್ತದೆ, ಎರಡು ಬಳೆ ಕೂಡಿದ ಮೇಲೆ ಮುಂದೆ ಬಿಗಿಯುವುದಿಲ್ಲ. ಇದು ನಮಗೆ ವಿಜಯಪುರದ ಅಂಗಡಿಯಲ್ಲಿ ಸಿಗಲಿಲ್ಲ. ಬಬಲೇಶ್ವರದಲ್ಲಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದೆವು. ಎರಡು ಸಲ ನೋಡಿ, "ಇದರಾಗ ಏನೈತಿ" ಎಂದು ಎತ್ತಿನ ಪಟ್ಟಿಗೆ ಹಾಕುವ ಬಳೆ ತರಿಸಿ ಮರುದಿನವೇ ಹೊಲಿದು ಕೊಟ್ಟರು. ಒಳಗೆ ಹಳೆ ಸೀರೆಯ ಬಟ್ಟೆ ಮಡಚಿ ಹೊಲಿದಿದ್ದರು, ನಾವು ಕೇಳಿರಲಿಲ್ಲ. ಅಂಗಡಿಯ ಬೆಲ್ಟಿಗಿಂತ ತುಸು ಹೆಚ್ಚು ಹಣ ಕೊಟ್ಟೆವು. ಕೊಟ್ಟದ್ದು ಕಡಿಮೆಯಾಯಿತು ಎಂದು ಈಗಲೂ ಅನ್ನಿಸುತ್ತದೆ. ಒಂದು ಎಚ್ಚರ: ಇದು ಕೈಯಲ್ಲಿ ಹಿಡಿದು ಓಡಾಡಿಸಲು ಮಾತ್ರ. ಇದನ್ನು ಹಾಕಿ ಗೂಟಕ್ಕೆ ಕಟ್ಟಿ ಹೋಗಬಾರದು.

ತೊಗಲಿನದು ಮಳೆಯಲ್ಲಿ ನೆನೆದು ಒಣಗಿದರೆ ಸೆಟೆದು ಕಟ್ಟಿಗೆಯಾಗುತ್ತದೆ, ಆಗಾಗ ಸ್ವಲ್ಪ ಎಣ್ಣೆ ಸವರಬೇಕು. ನೈಲಾನಿನ ಪ್ಲಾಸ್ಟಿಕ್ ಕ್ಲಿಪ್ಪು ನಮ್ಮ ಬಿಸಿಲಿಗೆ ಒಂದೆರಡು ಬೇಸಿಗೆ ಬಂದರೆ ಹೆಚ್ಚು. ಹಗ್ಗ ಸಿಕ್ಕಿಸುವ ಬಳೆ ಬರೀ ಬಗ್ಗಿಸಿದ್ದೋ ಬೆಸುಗೆ ಹಾಕಿದ್ದೋ ನೋಡಿ. ಬಗ್ಗಿಸಿದ್ದು ಜೋರು ಜಗ್ಗಿದಾಗ ಬಾಯಿ ಬಿಡುತ್ತದೆ. ಬೆಲ್ಟಿನ ಒಳಮೈ ಮೇಲೆ ಮಾರ್ಕರಿನಿಂದ ನಿಮ್ಮ ಫೋನ್ ನಂಬರು ಬರೆಯಿರಿ. ಮೊಳೆ ಮೊಳೆಯ ಬೆಲ್ಟುಗಳ ಬಗ್ಗೆ ಕೇಳಬೇಡಿ, ಅವು ನಾಯಿಗಿಂತ ಹೆಚ್ಚಾಗಿ ಮಾಲೀಕನ ಸ್ಟೇಟಸ್ಸಿಗೆ.

ಇನ್ನು ಸರಪಳಿ. ನಮ್ಮ ಕಡೆ ನಾಯಿ ಕಟ್ಟುವುದೆಂದರೆ ಮಾರುದ್ದದ ಕಬ್ಬಿಣದ ಸರಪಳಿ, ಬೆಳಿಗ್ಗೆಯಿಂದ ರಾತ್ರಿ ತನಕ. ಮೇ ತಿಂಗಳಲ್ಲಿ ಮಧ್ಯಾಹ್ನ ಆ ಸರಪಳಿಯನ್ನು ಬರಿಗೈಲಿ ಒಮ್ಮೆ ಮುಟ್ಟಿ ನೋಡಿ. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1960ರ ಕಾನೂನಿನ 11ನೇ ಕಲಮು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದನ್ನು ಅಪರಾಧ ಎನ್ನುತ್ತದೆ. ಯಾವಾಗಲೂ ಕಟ್ಟಿದ ನಾಯಿಯನ್ನು ಓಡಾಡಿಸದೆ ಇರುವುದೂ ಅದರಲ್ಲೇ ಬರುತ್ತದೆ. ಮೊದಲ ಸಲದ ದಂಡ ಎಂದು ಆ ಕಾನೂನಿನಲ್ಲಿ ಬರೆದದ್ದು 10 ರೂಪಾಯಿಯಿಂದ 50 ರೂಪಾಯಿ. ನಾವು ತಂದ ಕೆಂಪು ಬೆಲ್ಟಿನ ಬೆಲೆಯೇ ಅದಕ್ಕಿಂತ ಹೆಚ್ಚಿತ್ತು.

ತೋಟದಲ್ಲಿ ಇದಕ್ಕೆ ದಾರಿ ಕಂಡದ್ದು ಮುತ್ಯಾ. ದ್ರಾಕ್ಷಿ ಚಪ್ಪರಕ್ಕೆ ತಂದು ಉಳಿದ ತಂತಿ ಇತ್ತು. ಬೇವಿನ ಗಿಡದ ನೆರಳಲ್ಲಿ ಎರಡು ಕಂಬದ ನಡುವೆ, ನಮ್ಮ ತಲೆಗಿಂತ ಎತ್ತರದಲ್ಲಿ ಅದನ್ನು ಬಿಗಿದು ಕಟ್ಟಿಸಿದ. ತಂತಿಗೆ ಒಂದು ಬಳೆ, ಬಳೆಗೆ ಹಗುರ ಹಗ್ಗ. ಹಗ್ಗದ ಕೊಂಡಿ ತಿರುಗುವಂಥದ್ದು, ಇಲ್ಲದಿದ್ದರೆ ಹುರಿ ಬಿದ್ದು ಗಿಡ್ಡಾಗುತ್ತದೆ. ಕಂಬಕ್ಕೆ ಸುತ್ತಿಕೊಳ್ಳಬಾರದು ಎಂದು ಎರಡೂ ತುದಿಯಲ್ಲಿ ಮೂರು ಮೂರು ಅಡಿ ಬಿಟ್ಟು ಗಂಟು. ಈಗ ಕಟ್ಟಿದ್ದರೂ ಇಪ್ಪತ್ತು ಅಡಿ ಆ ಕಡೆ ಈ ಕಡೆ ಓಡಾಡಬಹುದು, ನೀರಿನ ಬೋಗುಣಿಗೆ ಹೋಗಬಹುದು.

ಇದರಲ್ಲಿ ರಾಜಾನನ್ನು ಕಟ್ಟುವುದು ಕಡಿಮೆ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಕೊರಳ ಸುತ್ತ ಬಿಳಿ ಕೂದಲಿನ ಒಂದು ಗೆರೆ ಉಳಿದಿದೆ. ಬೆಲ್ಟ್ ಇದ್ದಿದ್ದು ಎಲ್ಲಿ ಎಂದು ದೂರದಿಂದಲೇ ಹೇಳಬಹುದು. ಗಾಯದ ಮೇಲೆ ಪಟ್ಟಿ ತಾಗಬಾರದೆಂದು ಅದಕ್ಕೆ ಈಗ ಎದೆಗೆ ಹಾಕುವ ಪಟ್ಟಿ. ಅದೂ ರೇಬಿಸ್ ಲಸಿಕೆಗೆ ತಿಕೋಟಾಕ್ಕೆ ಒಯ್ಯುವ ದಿನ ಮಾತ್ರ.

ಆಯಿ ಕೊರಳಿಗೆ ಕೈ ಹಾಕಿದರೆ ಸುಮ್ಮನೆ ನಿಲ್ಲುತ್ತದೆ. ನಾವು ಮೂವರಲ್ಲಿ ಯಾರು ಹೋದರೂ ಬಾಲ ಅಲ್ಲಾಡಿಸುತ್ತಾ ಬರುತ್ತದೆ, ಕಾಲು ನೆಕ್ಕುತ್ತದೆ. ಕೈ ಕೊರಳ ಕಡೆ ಹೋದ ತಕ್ಷಣ ಮಾತ್ರ ಹಿಂದಕ್ಕೆ ಎರಡು ಹೆಜ್ಜೆ ಸರಿಯುತ್ತದೆ.