ಮೊಣಕಾಲಿನ ಬೆಲೆ

2023ರ ದೀಪಾವಳಿಯ ರಜೆಗೆ ಮೊಮ್ಮಗನು ನಾಗನೂರಿಗೆ ಬಂದಿದ್ದನು. ಮರುತಿಂಗಳು ಪ್ರೊ ಕಬಡ್ಡಿಯ ಹತ್ತನೆಯ ಆವೃತ್ತಿ ಆರಂಭವಾಗುವುದಿತ್ತು. ಪಡಸಾಲೆಯಲ್ಲಿ ಕುಳಿತು ಅವನು ತನ್ನ ಕಾಗದದ ತಂಡವನ್ನು ಕಟ್ಟುತ್ತಿದ್ದನು. ಈ ಆಟವನ್ನು ಅರಿಯದ ನನ್ನ ವಯಸ್ಸಿನವರಿಗಾಗಿ ಒಂದು ಮಾತು: ನಿಜವಾದ ಆಟಗಾರರ ಪಟ್ಟಿಯಿಂದ ನಮಗೆ ಬೇಕಾದವರನ್ನು ಆರಿಸಿಕೊಳ್ಳಬೇಕು. ಅವರು ನಿಜವಾದ ಪಂದ್ಯದಲ್ಲಿ ಗಳಿಸಿದ ಅಂಕಗಳೇ ನಮ್ಮ ಅಂಕಗಳು. ಪ್ರತಿ ಆಟಗಾರನಿಗೂ ಒಂದು ಬೆಲೆ ಇರುತ್ತದೆ, ನಮ್ಮ ಕೈಯಲ್ಲಿ ಇಂತಿಷ್ಟೇ ಬಂಡವಾಳ. ಇದಕ್ಕೆ ಫ್ಯಾಂಟಸಿ ಆಟವೆನ್ನುತ್ತಾರೆ. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಕೇಂದ್ರ ಸರಕಾರವು 2025ರ ಕಾನೂನಿನಿಂದ ನಿಷೇಧಿಸಿತು. ನಮ್ಮ ಮನೆಯಲ್ಲಿ ಆ ನಿಷೇಧ ಮೊದಲಿನಿಂದಲೂ ಇತ್ತು. ನಮ್ಮ ಹುಡುಗನು ಗೆಳೆಯರೊಂದಿಗೆ ಬರಿಯ ಅಂಕಗಳಿಗಾಗಿ ಆಡುತ್ತಿದ್ದನು.

"ಅಜ್ಜಾ, ಪವನ್ ಸೆಹ್ರಾವತ್‌ಗ ನನ್ನ ಬಂಡವಾಳದಾಗ ಕಾಲು ಭಾಗ ಹೋಗತೈತಿ. ಹೋದ ವರ್ಷ ಅಂವ ಆಡೇ ಇಲ್ಲ. ತಗೊಳ್ಳೋದೋ ಬ್ಯಾಡೋ?" ಎಂದು ಕೇಳಿದನು.

ಜೀವಮಾನವೆಲ್ಲ ಗಣಿತ ಕಲಿಸಿದವನ ಮುಂದೆ ಇಂಥ ಪ್ರಶ್ನೆ ಬಂದರೆ ಸುಮ್ಮನಿರುವುದು ಕಷ್ಟ. ಹಾಳೆ, ಪೆನ್ನು ತರಿಸಿದೆನು.

ಪವನ್ ದೆಹಲಿಯ ಹುಡುಗನಾದರೂ ಕನ್ನಡಿಗರು ಅವನನ್ನು ತಮ್ಮವನೆಂದೇ ತಿಳಿದಿದ್ದರು. ಬೆಂಗಳೂರು ಬುಲ್ಸ್ ತಂಡವು ಆರನೆಯ ಆವೃತ್ತಿಯ ಪ್ರಶಸ್ತಿ ಗೆದ್ದದ್ದು ಅವನಿಂದ. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದ 38 ಅಂಕಗಳಲ್ಲಿ 22 ಅಂಕಗಳು ಅವನೊಬ್ಬನವೇ. ಆ ಆವೃತ್ತಿಯ 24 ಪಂದ್ಯಗಳಲ್ಲಿ ಅವನು ದಾಳಿಯಿಂದ ಗಳಿಸಿದ್ದು 271 ಅಂಕ. ಮುಂದಿನ ಆವೃತ್ತಿಯಲ್ಲಿ 346, ಅದರ ಮುಂದಿನದರಲ್ಲಿ 304. ಮೂರು ಆವೃತ್ತಿಗಳಲ್ಲಿಯೂ ದಾಳಿಯ ಅಂಕಗಳಲ್ಲಿ ಅವನೇ ಮೊದಲಿಗನು. ಒಂದು ಪಂದ್ಯದಲ್ಲಿ ದಾಳಿಗಾರನು ಹತ್ತು ಅಂಕ ಗಳಿಸಿದರೆ ಅದನ್ನು ವಿಶೇಷ ಸಾಧನೆಯೆಂದು ಎಣಿಸುತ್ತಾರೆ. ಇವನ ಸರಾಸರಿಯೇ ಹನ್ನೊಂದು, ಹದಿನಾಲ್ಕು, ಹನ್ನೆರಡು ದಾಟಿತ್ತು.

2022ರಲ್ಲಿ ತಮಿಳ್ ತಲೈವಾಸ್ ತಂಡವು ಅವನನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಅದುವರೆಗೆ ಅಷ್ಟು ಬೆಲೆ ಯಾರಿಗೂ ಬಂದಿರಲಿಲ್ಲ. ಅಕ್ಟೋಬರ್ 8ರಂದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಾಳಿಯನ್ನು ಹಿಡಿಯಲು ಹೋದಾಗ ಮೊಣಕಾಲು ತಿರುಗಿತು. ಎತ್ತಿಕೊಂಡೇ ಹೊರಗೆ ಒಯ್ದರು. ಆ ಆವೃತ್ತಿ ಅವನಿಗೆ ಅಲ್ಲಿಗೇ ಮುಗಿಯಿತು.

ಮೊಮ್ಮಗನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕಳೆದ ವರ್ಷದ ಕಾಲಮಿನಲ್ಲಿ ಸೊನ್ನೆ ಇತ್ತು. ನಾನು ಮೊದಲು ತಿದ್ದಿದ್ದು ಅದನ್ನೇ. ಪರೀಕ್ಷೆಗೆ ಬಾರದ ವಿದ್ಯಾರ್ಥಿಯ ಹೆಸರಿನ ಮುಂದೆ ನಾವು ಸೊನ್ನೆ ಬರೆಯುವುದಿಲ್ಲ, 'ಗೈ.ಹಾ.' ಎಂದು ಬರೆಯುತ್ತೇವೆ. ಬರೆದು ಸೊನ್ನೆ ಪಡೆದವನೂ ಬರೆಯಲಾಗದೆ ಉಳಿದವನೂ ಒಂದೇ ಅಲ್ಲ. ಸೊನ್ನೆಯನ್ನು ಸೇರಿಸಿ ಸರಾಸರಿ ತೆಗೆದರೆ ಒಳ್ಳೆಯ ಆಟಗಾರನೂ ಸಾಧಾರಣನಾಗಿ ಕಾಣುತ್ತಾನೆ.

ಎರಡನೆಯದಾಗಿ, ಗಾಯದ ನಂತರದ ಸಾಕ್ಷ್ಯವನ್ನು ನೋಡಬೇಕು. ದಾಳಿಗಾರನ ಆಟವೆಲ್ಲ ಮೊಣಕಾಲಿನಲ್ಲಿದೆ. ಓಡುತ್ತ ತಟ್ಟನೆ ನಿಲ್ಲುವುದು, ಒಂದೇ ಕಾಲಿನ ಮೇಲೆ ತಿರುಗುವುದು, ಹಿಡಿದವರ ತಲೆಯ ಮೇಲಿಂದ ಹಾರುವುದು, ಎಲ್ಲವೂ ಆ ಒಂದು ಕೀಲಿನ ಮೇಲೆ. ಕಾಲು ವಾಸಿಯಾದರೂ ಅದರ ಮೇಲಿನ ನಂಬಿಕೆ ಬೇಗ ಮರಳುವುದಿಲ್ಲ. ಪವನ್ 2023ರಲ್ಲಿ ಭಾರತ ತಂಡದ ನಾಯಕನಾಗಿ ಆಡಿದ್ದನು. ಬೂಸಾನ್‌ನಲ್ಲಿ ಏಷ್ಯಾ ಚಾಂಪಿಯನ್‌ಶಿಪ್, ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ಇರಾನನ್ನು 33–29ರಿಂದ ಸೋಲಿಸಿ ಏಷ್ಯನ್ ಕ್ರೀಡಾಕೂಟದ ಚಿನ್ನ. ಅಂದರೆ ಕಾಲು ಆಡುತ್ತಿದೆ. ಅದಾಗಿ ಎರಡೇ ದಿನಕ್ಕೆ ಆರಂಭವಾದ ಹರಾಜಿನಲ್ಲಿ ತೆಲುಗು ಟೈಟನ್ಸ್ ಅವನಿಗೆ 2.605 ಕೋಟಿ ಕೊಟ್ಟಿತು. ಹಳೆಯ ದಾಖಲೆಯೂ ಅವನದೇ, ಹೊಸದೂ ಅವನದೇ.

ಮೂರನೆಯದು, ಜೊತೆಯವರು ಯಾರು ಎಂಬುದು. ಟೈಟನ್ಸ್ ತಂಡದಲ್ಲಿ ಅವನ ಭಾರ ಹಂಚಿಕೊಳ್ಳಬಲ್ಲ ದಾಳಿಗಾರರು ಕಡಿಮೆ. ಹೆಚ್ಚಿನ ದಾಳಿಗಳು ಅವನ ಪಾಲಿಗೇ ಬರುತ್ತವೆ, ಕಾಗದದ ತಂಡಕ್ಕೆ ಅದು ಲಾಭ. ಹಳೆಯ ಹದಿನಾಲ್ಕರ ಸರಾಸರಿಯನ್ನು ನಿರೀಕ್ಷಿಸಬೇಡ, ಒಂಬತ್ತು ಹತ್ತು ಎಂದು ಹಿಡಿ, ಆ ಲೆಕ್ಕಕ್ಕೂ ಬೆಲೆ ಹೊಂದಿದರೆ ತೆಗೆದುಕೋ ಎಂದು ಹೇಳಿದೆನು. ಅವನು ತೆಗೆದುಕೊಂಡನು.

ಪವನ್ ಆ ಆವೃತ್ತಿಯಲ್ಲಿ ದಾಳಿಯಿಂದ 200 ಅಂಕಗಳನ್ನು ದಾಟಿದನು. ಸರಾಸರಿ ಹತ್ತರ ಒಳಗೆ ಉಳಿಯಿತು. ನನ್ನ ಲೆಕ್ಕ ತಪ್ಪಲಿಲ್ಲವೆಂದು ನಾನು ಬೀಗಿದ್ದೂ ನಿಜ. ಆದರೆ ಟೈಟನ್ಸ್ ತಂಡವು 22 ಪಂದ್ಯಗಳಲ್ಲಿ ಎರಡನ್ನೇ ಗೆದ್ದು ಕೊನೆಯ ಸ್ಥಾನಕ್ಕೆ ಇಳಿಯಿತು. ಅದಕ್ಕೂ ಹಿಂದಿನ ವರ್ಷ, ಅವನಿಲ್ಲದ ತಲೈವಾಸ್ ತಂಡವು ನರೇಂದರ್ ಎಂಬ ಹೊಸ ಹುಡುಗನನ್ನು ನೆಚ್ಚಿಕೊಂಡು ಮೊದಲ ಸಲ ಸೆಮಿಫೈನಲ್ ತಲುಪಿತ್ತು. ಕಾಗದದ ತಂಡದಲ್ಲಿ ಒಬ್ಬನ ಬೆಲೆ ಬೇರೆ, ಅಂಗಳದಲ್ಲಿ ಬೇರೆ. ಹರಾಜಿನ ಬೆಲೆಯಂತೂ ಯಾರ ಕೈಯಲ್ಲಿಯೂ ನಿಲ್ಲುವುದಿಲ್ಲ. ಅದೇ ಪವನ್‌ಗೆ 2024ರಲ್ಲಿ ಬಂದದ್ದು 1.725 ಕೋಟಿ, 2025ರಲ್ಲಿ 59.5 ಲಕ್ಷ. ಎರಡು ವರ್ಷಗಳಲ್ಲಿ ಕಾಲು ಭಾಗಕ್ಕಿಂತಲೂ ಕೆಳಗೆ.

ಇಷ್ಟೆಲ್ಲ ಲೆಕ್ಕ ಮಾಡಿದ ಆ ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥದೇ ಲೆಕ್ಕವನ್ನು ನಾನು ಹಿಂದೊಮ್ಮೆ ಮಾಡಿದ್ದು ನೆನಪಾಯಿತು.

ಅದು 1980ರ ದಶಕದ ಮಾತು. ಆಗ ಮೂಡಲಗಿ ತಾಲೂಕು ಆಗಿರಲಿಲ್ಲ, ನಾವೆಲ್ಲ ಗೋಕಾಕ ತಾಲೂಕಿನವರು. ನಮ್ಮ ಕಬಡ್ಡಿ ತಂಡದಲ್ಲಿ ಒಬ್ಬ ದಾಳಿಗಾರನಿದ್ದನು. ಹೆಸರು ಬರೆಯುವುದಿಲ್ಲ. ಓದುವವರಲ್ಲಿ ಅವನ ಜೊತೆಗೆ ಆಡಿದವರಿದ್ದಾರೆ, ಅವರಿಗೆ ತಿಳಿಯುತ್ತದೆ. ವಲಯ ಮಟ್ಟದ ಪಂದ್ಯದಲ್ಲಿ ಅವನ ಮೊಣಕಾಲು ಉಳುಕಿ ಊದಿಕೊಂಡಿತು. ಮೂರು ವಾರಕ್ಕೆ ತಾಲೂಕು ಮಟ್ಟದ ಪಂದ್ಯ. ಅವನಿಲ್ಲದಿದ್ದರೆ ಎಷ್ಟು ಅಂಕ ಕಡಿಮೆಯಾದೀತೆಂದು ನಾನು ನೋಟುಪುಸ್ತಕದಲ್ಲಿ ಬರೆದು ನೋಡಿದ್ದೆನು. ಪಂದ್ಯದ ದಿನ ತಂಡದವರೆಲ್ಲರ ಎದುರಿಗೆ, "ಕಾಲು ಹೆಂಗೈತೋ? ಆಡ್ತಿಯೇನು?" ಎಂದು ಕೇಳಿದೆನು.

"ಅಡ್ಡಿ ಇಲ್ರೀ ಸರ್, ಆಡ್ತೀನ್ರೀ" ಎಂದನು.

ಹದಿನಾಲ್ಕು ವರ್ಷದ ಹುಡುಗನು ಗುರುಗಳ ಮುಂದೆ, ಗೆಳೆಯರ ಮುಂದೆ ಬೇರೆ ಏನು ಹೇಳಿಯಾನು? ನಾಲ್ಕು ಅಂಕ ತಂದನು. ಐದನೆಯ ದಾಳಿಯಲ್ಲಿ ಗೆರೆಯ ಹತ್ತಿರ ತಿರುಗುವಾಗ ಆ ಮಣ್ಣಿನ ಅಂಗಳದಲ್ಲಿ ಕುಸಿದು ಬಿದ್ದನು. ಆ ಪಂದ್ಯ ನಾವು ಗೆದ್ದೆವು. ಅವನು ಮತ್ತೆ ಆಡಲಿಲ್ಲ. ಇಂದಿಗೂ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತುಕೊಳ್ಳಲಾರನು. ಮದುವೆ ಮುಂಜಿಗಳಲ್ಲಿ ಪಂಕ್ತಿಗೆ ಕೂಡದೆ ಕೊನೆಗೆ ಕುರ್ಚಿ ಹಾಕಿಸಿಕೊಂಡು ಊಟ ಮಾಡುತ್ತಾನೆ.

ಮೊಮ್ಮಗನ ಲೆಕ್ಕ ತಪ್ಪಿದ್ದರೆ ನಾಲ್ಕು ಅಂಕ ಹೋಗುತ್ತಿದ್ದವು, ಅಷ್ಟೇ. ಪವನ್‌ನ ವಿಷಯದಲ್ಲಿ ವೈದ್ಯರಿದ್ದರು, ತರಬೇತುದಾರರಿದ್ದರು, ಒಂದು ವರ್ಷದ ಬಿಡುವಿತ್ತು, ಬೇಡವೆನ್ನುವ ಅಧಿಕಾರವೂ ಅವನಿಗಿತ್ತು. ನನ್ನ ಹುಡುಗನಿಗೆ ಇವು ಯಾವುವೂ ಇರಲಿಲ್ಲ. ನಾನು ಅವನನ್ನು ಕಾಗದದ ತಂಡದ ಆಟಗಾರನಂತೆ ಎಣಿಸಿದ್ದೆನು.

ಬೆಳಗಾದ ಮೇಲೆ ಮೊಮ್ಮಗನಿಗೆ ಇದನ್ನು ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ನೀವು ತಪ್ಪಾತು ಅಂತ ಹೇಳೀರೇನಜ್ಜಾ?" ಎಂದು ಕೇಳಿದನು. ಹೇಳಿರಲಿಲ್ಲ. ಅಂದೇ ಸಂಜೆ ಅವನ ಮನೆಗೆ ಹೋದೆನು. ಚಹಾ ಕೊಟ್ಟನು, ಕಬ್ಬಿನ ಬಿಲ್ಲಿನ ಮಾತಾಡಿದನು. ನಾನು ಹಳೆಯ ಮಾತನ್ನು ತೆಗೆದಾಗ, "ಅಡ್ಡಿ ಇಲ್ರೀ ಸರ್" ಎಂದನು. ಈ ಸಲ ನಾನು ಆ ಮಾತನ್ನು ನಂಬಲಿಲ್ಲ. ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳಿ ಎದ್ದು ಬಂದೆನು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರು, ಕೆಲವರು ದೈಹಿಕ ಶಿಕ್ಷಕರು. ಅವರಲ್ಲಿ ಒಂದು ಬಿನ್ನಹ. ಗಾಯಗೊಂಡ ಮಗುವನ್ನು ತಂಡದ ಎದುರಿಗೆ ಕೇಳಬೇಡಿರಿ, ಒಬ್ಬನನ್ನೇ ಬದಿಗೆ ಕರೆದು ಕೇಳಿರಿ. ಕಾಲು ಮುಟ್ಟಿ ನೋಡಿರಿ, ವೈದ್ಯರಲ್ಲಿಗೆ ಕಳುಹಿಸಿರಿ, ತಂದೆತಾಯಿಗೆ ತಿಳಿಸಿರಿ. ಆ ಮೇಲೆ ಅಂಕಗಳ ಲೆಕ್ಕ ಮಾಡಿರಿ.