ಹತಾರ ಹೋಯಿತು, ನಾಯಿ ಉಳಿಯಿತು

ಸೈನ್ಯವೆಂದ ಕೂಡಲೆ ಮನಸ್ಸಿನಲ್ಲಿ ಮೂಡುವುದು ಫಿರಂಗಿ, ಟ್ಯಾಂಕು, ಗಗನವನ್ನು ಸೀಳಿಕೊಂಡು ಹೋಗುವ ವಿಮಾನ. ಇವೆಲ್ಲ ಕಬ್ಬಿಣದ ಕುಲಕ್ಕೆ ಸೇರಿದವು. ಕಾರಖಾನೆಯಲ್ಲಿ ಹುಟ್ಟಿ, ಮೈಮೇಲೆ ಸಂಖ್ಯೆ ಬರೆಯಿಸಿಕೊಂಡು, ಹಳತಾದಾಗ ಗುಜರಿಯ ದಾರಿ ಹಿಡಿಯುವವು. ಘಟಪ್ರಭೆಯ ದಂಡೆಯ ಮುಧೋಳವು ಭಾರತದ ಸೈನ್ಯಕ್ಕೆ ಕೊಟ್ಟ ಸಾಧನ ಆ ಕುಲದ್ದಲ್ಲ. ಅದು ಜೋಳದ ಹೊಲದ ಬದುವಿನಲ್ಲಿ ಬೆಳೆದುದು. ಹೆಸರು ಹಿಡಿದು ಕರೆದರೆ ಓಡಿ ಬರುವುದು. ಒಮ್ಮೊಮ್ಮೆ, ಮೊಲ ಕಣ್ಣಿಗೆ ಬಿದ್ದಾಗ, ಎಷ್ಟು ಕರೆದರೂ ಬಾರದಿರುವುದು.

ಈ ಸೀಮೆಗೂ ಆಯುಧಕ್ಕೂ ಇರುವ ನಂಟು ಹಳೆಯದು. ಕ್ರಿ.ಶ. ೯೪೯ರಲ್ಲಿ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಮಹಾಕಾವ್ಯಕ್ಕೆ ಗದೆಯ ಹೆಸರೇ ನಿಂತಿದೆ. ಬಳೆಯ ಮಲಾರ ಹೊತ್ತ ಮನೆಯಿಂದ ಗದಾಯುದ್ಧ ಹೊರಟುದು ವಿನೋದವಲ್ಲವೆ? ಮುಂದೆ ಮುಧೋಳವನ್ನಾಳಿದ ಘೋರ್ಪಡೆ ಮನೆತನದ ಹೆಸರು ಬಂದುದಾದರೂ ಉಡದಿಂದ. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಬಹಮನಿ ಸುಲ್ತಾನರ ಸೇವೆಯಲ್ಲಿದ್ದ ಈ ಮನೆತನದ ಹಿರಿಯರು ೧೫ನೆಯ ಶತಮಾನದಲ್ಲಿ ಉಡದ ಸೊಂಟಕ್ಕೆ ಹಗ್ಗ ಬಿಗಿದು ಕೋಟೆಯ ಗೋಡೆಗೆ ಬಿಟ್ಟು, ಆ ಹಗ್ಗವನ್ನು ಹಿಡಿದೇ ಮೇಲೇರಿದರೆಂದು ಐತಿಹ್ಯ. ಉಡ ಮನುಷ್ಯನ ಭಾರವನ್ನು ತಾಳೀತೆ ಎಂದು ಕೇಳುವವರು ಕೇಳಲಿ, ಬಿರುದಂತೂ ನಿಂತಿತು.

ಹಲಗಲಿಯ ಕಥೆ ಮಾತ್ರ ಐತಿಹ್ಯವಲ್ಲ. ಸರಕಾರದ ಕಡತದಲ್ಲಿಯೂ ಜನರ ಬಾಯಲ್ಲಿಯೂ ಒಟ್ಟಿಗೆ ಉಳಿದುಬಂದ ಇತಿಹಾಸವದು. ೧೮೫೭ರ ಮೇ ತಿಂಗಳಲ್ಲಿ ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದರು. ಬೆದರಿದ ಕಂಪನಿ ಸರಕಾರ ಅದೇ ವರ್ಷ ಕಾಯಿದೆಯೊಂದನ್ನು ತಂದು, ಪ್ರಜೆಗಳ ಬಳಿಯಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ವಿಧಿಸಿತು. ಅಂದಿನ ಮುಧೋಳ ಸಂಸ್ಥಾನದ ಚಿಕ್ಕ ಹಳ್ಳಿ ಹಲಗಲಿ. ಅಲ್ಲಿಯ ಬೇಡರಿಗೂ ಆ ಆಜ್ಞೆ ತಲುಪಿತು. ಮೀರತ್ತಿನವರು ಕೊಟ್ಟ ತೋಟೆಯನ್ನು ಮುಟ್ಟೆವೆಂದಿದ್ದರು. ಹಲಗಲಿಯವರು ಇದ್ದ ಹತಾರವನ್ನು ಕೊಡೆವೆಂದರು.

‘ಹತಾರ’ ಎಂಬುದು ಆ ಸೀಮೆಯ ಮಾತು. ಅದರೊಳಗೆ ಕತ್ತಿ, ಭರ್ಚಿ, ಬಂದೂಕುಗಳೆಲ್ಲ ಅಡಕವಾಗುತ್ತವೆ. ಪೇಟೆಯ ಗೃಹಸ್ಥನಿಗೆ ಅವು ಗೋಡೆಯ ಅಲಂಕಾರವಿದ್ದಾವು. ಬೇಟೆಯಾಡಿಯೂ ಕಾವಲು ಕಾದೂ ಬದುಕುವ ಬೇಡನಿಗೆ ಅವು ಒಕ್ಕಲಿಗನ ನೇಗಿಲಿದ್ದಂತೆ. ನೇಗಿಲು ಕೊಟ್ಟುಬಿಡೆಂದು ರೈತನನ್ನು ಕೇಳಿದರೆ ಅವನು ಏನೆಂದಾನು? ಪೂಜೇರಿ ಹನುಮ, ಜಡಗ, ಬಾಳ, ರಾಮ ಎಂದು ಲಾವಣಿ ಹೆಸರಿಸುವ ನಾಯಕರು ಅದನ್ನೇ ಅಂದರು. ನವೆಂಬರ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಹಲಗಲಿಯನ್ನು ಮುತ್ತಿತು. ಮನೆಮನೆಯಿಂದ ಬೇಡರು ಕಾದಿದರು. ಕೊನೆಗೆ ಊರಿಗೆ ಬೆಂಕಿ ಬಿದ್ದಿತು. ಸೆರೆಸಿಕ್ಕವರಲ್ಲಿ ೧೯ ಜನರಿಗೆ ಗಲ್ಲಾಯಿತು. ಡಿಸೆಂಬರ ೧೧ರಂದು ೧೩ ಜನರನ್ನು ಮುಧೋಳದಲ್ಲಿಯೂ, ೧೪ರಂದು ಉಳಿದ ಆರು ಜನರನ್ನು ಅವರದೇ ಊರಾದ ಹಲಗಲಿಯಲ್ಲಿಯೂ, ಎಲ್ಲರೂ ನೋಡುವಂತೆ ನೇಣಿಗೇರಿಸಿದರು.

ಹಲಗಲಿಯ ಲಾವಣಿಯನ್ನು ಕೇಳಿದವರಿಗೆ ಅದರ ಒಂದು ವಿಶೇಷ ಮರೆಯದು. ಊರು ಲೂಟಿಯಾದಾಗ ಹೋದುದೇನು ಎಂದು ಲಾವಣಿಕಾರ ಪಟ್ಟಿ ಮಾಡುತ್ತಾನೆ. ಅಲ್ಲಿ ಬಂಗಾರದ ಕೊಪ್ಪರಿಗೆಗಳಿಲ್ಲ. ಕೊಡಲಿಯಿದೆ, ಉಪ್ಪು, ಎಣ್ಣೆ, ಅರಿಸಿನ, ಬೆಲ್ಲಗಳಿವೆ, ಬೀಸುಕಲ್ಲೂ ಇದೆ. ಹತಾರಕ್ಕಾಗಿ ಮೊದಲಾದ ಜಗಳ ಅಡಿಗೆಮನೆಯಲ್ಲಿ ಮುಗಿಯಿತು. ಯುದ್ಧದ ವರ್ಣನೆಗೆಂದು ಅಷ್ಟಾದಶ ವರ್ಣನೆಗಳನ್ನು ಗಟ್ಟಿಮಾಡಿಕೊಂಡ ಪಂಡಿತಕವಿಗೆ ಬೀಸುಕಲ್ಲು ಹೊಳೆಯುತ್ತಿತ್ತೋ ಇಲ್ಲವೋ.

ಆ ಪಟ್ಟಿಯಾಚೆಗೆ ಉಳಿದುಕೊಂಡುದು ನಾಯಿ. ಬೇಡನ ಬೇಟೆ ನಿಂತಿದ್ದುದು ಎರಡರ ಮೇಲೆ: ಕೈಯ ಹತಾರ, ಕಾಲಬಳಿಯ ನಾಯಿ. ಕಾಯಿದೆ ಮೊದಲನೆಯದನ್ನು ಒಯ್ದಿತು. ಎರಡನೆಯದನ್ನು ಕೇಳಬೇಕೆಂದು ಯಾವ ಸಾಹೇಬನಿಗೂ ಹೊಳೆಯಲಿಲ್ಲ. ಕೆಲವು ದಶಕಗಳ ಬಳಿಕ ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆಯವರ ಕಣ್ಣು ಬೇಡರ ಈ ಬೇಟೆನಾಯಿಗಳ ಮೇಲೆ ಬಿದ್ದಿತು. ಅವರು ಆಯ್ದ ನಾಯಿಗಳನ್ನು ಅರಮನೆಯಲ್ಲಿ ಸಾಕಿ, ತಳಿಯನ್ನು ಕಾಪಾಡಿ, ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟರು. ಅಂದಿನಿಂದ ಅದು ‘ಮುಧೋಳ ನಾಯಿ’. ಹತಾರವನ್ನು ಕಿತ್ತುಕೊಂಡ ದೊರೆತನಕ್ಕೇ ನಾಯಿ ಉಡುಗೊರೆಯಾಗಿ ಹೋಯಿತು! ಬೇಡನ ಹೆಸರು ಮಾತ್ರ ಅದರ ಕೊರಳಪಟ್ಟಿಯಲ್ಲಿರಲಿಲ್ಲ.

ಅದರ ಅಂಗಸೌಷ್ಠವವನ್ನು ಕಂಡೇ ತಿಳಿಯಬೇಕು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಹಿಡಿಯಲ್ಲಿ ಹಿಡಿಯಬಹುದೆನ್ನಿಸುವ ನಡು, ಈಟಿಯಂತಹ ಕಾಲುಗಳು. ಗಂಡುನಾಯಿ ಭುಜದವರೆಗೆ ಸುಮಾರು ೭೦ ಸೆಂಟಿಮೀಟರ್ ಎತ್ತರವಿದ್ದರೂ ತೂಕ ೨೮ ಕಿಲೋ ಮೀರುವುದು ಅಪರೂಪ. ಅರಿಯದವರು ನೋಡಿ, ಪಾಪ, ಇದಕ್ಕೆ ಊಟ ಹಾಕುವುದಿಲ್ಲವೆ ಎಂದು ಮರುಗುತ್ತಾರೆ. ಓಟಕ್ಕೆ ನಿಂತಾಗಲೇ ಆ ಬಡಕಲು ಮೈಯ ಅರ್ಥ ತಿಳಿಯುವುದು.

ಸ್ವಾತಂತ್ರ್ಯಾನಂತರ ಸಂಸ್ಥಾನ ಹೋಯಿತು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಿಂದ ಬೇಟೆಯೂ ನಿಂತಿತು. ನಿಲ್ಲಬೇಕಾದುದೇ, ಆದರೆ ಓಡುವುದಕ್ಕೆಂದೇ ಹುಟ್ಟಿದ ನಾಯಿಗೆ ಓಟವೇ ಅಪರಾಧವಾಯಿತು. ತೋಟ ಕಾಯುವುದು, ಅಂಚೆಚೀಟಿಯ ಚಿತ್ರವಾಗುವುದು — ೨೦೦೫ರಲ್ಲಿ ಆ ಗೌರವವೂ ದೊರೆಯಿತು — ಇಷ್ಟೇ ಉಳಿಯಿತು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವೊಂದು ಏರ್ಪಟ್ಟು ತಳಿಗೆ ಆಸರೆಯಾಯಿತು; ಮರಿಗಳ ಮಾರಾಟ ಹಲವು ಬಡಕುಟುಂಬಗಳಿಗೆ ಅನ್ನವಾಯಿತು.

೨೦೧೬ರಲ್ಲಿ ಎರಡು ಸಂಗತಿಗಳು ನಡೆದವು. ಬೀಳಗಿ–ಮುಧೋಳ ಸೀಮೆಯ ಯಡಹಳ್ಳಿಯ ಕುರುಚಲು ಕಾಡು ಚಿಂಕಾರಗಳ ಅಭಯಧಾಮವಾಯಿತು. ಅದೇ ವರ್ಷ ಮುಧೋಳದ ಮರಿಗಳು ಸೈನ್ಯದ ಶಿಕ್ಷಣಕ್ಕೆಂದು ರೈಲುದೂರದ ಊರೊಂದಕ್ಕೆ ಹೋದವು. ಓಡುವ ಚಿಗರಿಗೆ ಅಭಯ ದೊರೆತಾಗ ಓಡಿಸುವ ನಾಯಿಗೆ ನೌಕರಿ ದೊರೆಯಿತು. ಸೈನ್ಯದ ಪಶುವೈದ್ಯದಳದ ಆ ಕೇಂದ್ರವಿರುವುದು ಮೀರತ್ತಿನಲ್ಲಿ. ೧೮೫೭ರ ಕಿಡಿ ಹಾರಿದ ಅದೇ ಮೀರತ್ತು.

ಅಲ್ಲಿಯವರೆಗೆ ಸೈನ್ಯದಲ್ಲಿ ಮೆರೆದವು ಅಲ್ಸೇಶಿಯನ್, ಲ್ಯಾಬ್ರಡಾರ್ ಮೊದಲಾದ ಹೊರನಾಡಿನ ಜಾತಿಗಳು. ದೇಶೀ ತಳಿಗೆ ಬಾಗಿಲು ತೆರೆದುದು ಹೆಮ್ಮೆಯ ವಿಷಯವೆಂದು ಪತ್ರಿಕೆಗಳು ಬರೆದವು. ಹೆಮ್ಮೆ ಸರಿಯೇ, ಆದರೆ ಹೆಮ್ಮೆಯ ಗದ್ದಲದಲ್ಲಿ ಒಂದು ಸೂಕ್ಷ್ಮ ಮರೆಯಾಗಬಾರದು. ಹೂತಿಟ್ಟ ಸಿಡಿಮದ್ದನ್ನು ಹುಡುಕುವುದು, ತಪ್ಪಿಸಿಕೊಂಡವನ ಜಾಡು ಹಿಡಿಯುವುದು ಮೂಗಿನ ಕೆಲಸ. ಮುಧೋಳದ್ದು ಕಣ್ಣಿನ ನಾಯಿ. ಬಯಲಿನಲ್ಲಿ ಬಹುದೂರ ಅಲುಗಿದುದನ್ನು ಕಂಡು ಬಾಣದಂತೆ ಚಿಮ್ಮುವುದು ಅದರ ಹುಟ್ಟುಗುಣ. ಅಪ್ಪಣೆಗಾಗಿ ಮುಖ ನೋಡುತ್ತ ಕೂಡ್ರುವ ವಿಧೇಯತೆ ಲ್ಯಾಬ್ರಡಾರಿಗೆ ಸಹಜ. ಇದಕ್ಕೆ ಒಬ್ಬ ಒಡೆಯ ಸಾಕು, ಅಪರಿಚಿತನ ಕೈ ಮೈಮೇಲೆ ಬಿದ್ದರೆ ಸರಿಯುತ್ತದೆ. ನಾಯಿ ಸಾಕುವ ಮನೆಗಳ ಹಿರಿಯರಿಗೆ ಇದು ಹೊಸ ಮಾತೇನಲ್ಲ. “ಇದು ಮೂಸಿ ಹೋಗೂ ನಾಯಿ ಅಲ್ರೀ ಸಾಹೇಬ್ರ, ನೋಡಿ ಹೋಗೂ ನಾಯಿ” ಎಂಬಷ್ಟರಲ್ಲಿ ಅವರು ಇಡೀ ಶಾಸ್ತ್ರವನ್ನು ಹೇಳಿಬಿಡುತ್ತಾರೆ. ಅಲ್ಸೇಶಿಯನ್ನಿನ ಅಳತೆಗೋಲಿನಿಂದ ಅಳೆದು ಇದನ್ನು ಗೆಲ್ಲಿಸುವುದಾಗಲಿ ಸೋಲಿಸುವುದಾಗಲಿ ನ್ಯಾಯವಲ್ಲ. ಬಂದೂಕನ್ನು ಕತ್ತಿಯಂತೆ ಬೀಸಿ ನೋಡಿ ಬೆಲೆ ಕಟ್ಟುವವರುಂಟೆ?

ಕೀರ್ತಿಗೆ ತೆರಿಗೆಯೂ ಉಂಟು. ೨೦೨೦ರಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ಈ ತಳಿಯ ಹೆಸರೆತ್ತಿದ ಬಳಿಕ ಮರಿಗಳನ್ನು ಕೇಳಿಕೊಂಡು ಬರುವವರು ಹೆಚ್ಚಿದರು. ಜಮಖಂಡಿಯ ತೋಟಕ್ಕೋ, ರಬಕವಿ–ಬನಹಟ್ಟಿಯ ನೇಕಾರರ ಅಂಗಳಕ್ಕೋ ಹೋದ ಮರಿ ಸುಖಿ. ಮಹಾನಗರದ ನಾಲ್ಕನೆಯ ಮಹಡಿಗೆ ಹೋದುದು, ಸರಪಳಿಯ ಉದ್ದವೇ ಲೋಕದ ಉದ್ದವೆಂದು ಕಲಿಯಬೇಕು.

೨೦೨೧ರಲ್ಲಿ ವಾಯುಪಡೆಯೂ ಮುಧೋಳದ ಮರಿಗಳನ್ನು ಬಯಸಿತು. ಜೆಟ್ ವಿಮಾನದ ಎಂಜಿನ್ನಿಗೆ ಒಂದು ಹದ್ದು ಸಿಕ್ಕಿದರೂ ಸಾಕು, ಕೋಟಿಗಟ್ಟಲೆ ಬೆಲೆಯ ಯಂತ್ರವೂ ಪೈಲಟನ ಪ್ರಾಣವೂ ಅಪಾಯಕ್ಕೆ ಸಿಲುಕುತ್ತವೆ. ಆದುದರಿಂದ ರನ್‌ವೇಯ ಮೇಲಿಂದ ಹಕ್ಕಿಗಳನ್ನು ಓಡಿಸುವ ಕೆಲಸ ಇವಕ್ಕೆ ಬಂದಿತು. ಇಲ್ಲಿ ಮೂಸಬೇಕಾದುದು ಏನೂ ಇಲ್ಲ. ಮರವಿಲ್ಲದ ಬಯಲು, ದೂರದಲ್ಲಿ ರೆಕ್ಕೆ ಬಡಿಯುವ ಸದ್ದಿಲ್ಲದ ಚಲನೆ, ಸರಪಳಿ ಬಿಚ್ಚುವ ಒಂದು ಕೈ. ಹಲಗಲಿಯ ಹೊಲದಲ್ಲಿ ಬೇಡನ ಬಾಯಿಂದ ‘ಛೂ’ ಎಂದು ಹೊರಟರೆ ನಾಯಿಗೆ ಇನ್ನೇನೂ ಬೇಕಿರಲಿಲ್ಲ.