ಮೂರನೇ ಕೂಳೆ

2024ರ ಅಕ್ಟೋಬರ್ 31, ನರಕ ಚತುರ್ದಶಿ. ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗೋ ದಾರಿಯಲ್ಲಿ, ಕಿರಂಗೂರಿನ ಬನ್ನಿಮಂಟಪ ದಾಟಿ ಸ್ವಲ್ಪ ಒಳಗೆ. ಸಂಜೆ ಜಗುಲಿ ಮೇಲೆ ಕೂತು ಕಜ್ಜಾಯ ತಿನ್ನುತ್ತಾ ಮೊಬೈಲ್ ನೋಡ್ತಿದ್ದೆ. ಐಪಿಎಲ್ ತಂಡಗಳು ಯಾರನ್ನ ಉಳಿಸ್ಕೊಳ್ತೀವಿ ಅಂತ ಹೇಳಬೇಕಾದ ಕೊನೇ ದಿನ ಅದು. ಆರು ಜನರವರೆಗೆ ಉಳಿಸ್ಕೊಳ್ಳೋಕೆ ಅವಕಾಶ ಇತ್ತು. ಆರ್‌ಸಿಬಿ ಉಳಿಸ್ಕೊಂಡಿದ್ದು ಮೂರೇ ಜನರನ್ನ. ವಿರಾಟ್ ಕೊಹ್ಲಿ 21 ಕೋಟಿ, ರಜತ್ ಪಾಟೀದಾರ್ 11 ಕೋಟಿ, ಯಶ್ ದಯಾಳ್ 5 ಕೋಟಿ. ಡುಪ್ಲೆಸಿ ಇಲ್ಲ, ಮ್ಯಾಕ್ಸ್‌ವೆಲ್ ಇಲ್ಲ. ಏಳು ಸೀಸನ್ ನಮಗಾಗಿ ಓಡಿದ್ದ ಸಿರಾಜ್ ಕೂಡ ಇಲ್ಲ.

"ಇವರಿಗೇನು ತಲೆ ಕೆಟ್ಟಿದ್ಯಾ?" ಅಂತ ಜೋರಾಗೇ ಅಂದುಬಿಟ್ಟೆ.

ಅಪ್ಪ ಆ ಕಡೆ ಕಂಬಕ್ಕೆ ಒರಗಿ ಕೂತಿದ್ದ. "ಏನ್ಲಾ ಅದು, ಹಬ್ಬದ ದಿನ?" ಅಂದ. ವಿಷಯ ಹೇಳಿದೆ. ಅಪ್ಪನಿಗೆ ಕ್ರಿಕೆಟ್ ಅಂದ್ರೆ ದ್ರಾವಿಡ್, ಕುಂಬ್ಳೆ ಅಷ್ಟೇ. ಆದ್ರೂ ಪೂರ್ತಿ ಕೇಳಿಸ್ಕೊಂಡು, "ಎಷ್ಟನೇ ಕೂಳೆ ಅದು?" ಅಂದ.

ಸಿಟಿಯಲ್ಲೇ ಬೆಳೆದವರಿಗೆ ಕೂಳೆ ಗೊತ್ತಿರಲಿಕ್ಕಿಲ್ಲ. ಕಬ್ಬು ಒಂದು ಸಲ ನೆಟ್ಟು ಕಡಿದ ಮೇಲೆ ಬುಡ ನೆಲದಲ್ಲೇ ಉಳಿಯುತ್ತೆ. ನೀರು ಬಿಟ್ಟರೆ ಅದೇ ಬುಡದಿಂದ ಮತ್ತೆ ಚಿಗುರು ಬರುತ್ತೆ. ಅದು ಕೂಳೆ ಬೆಳೆ. ಬಿತ್ತನೆ ಕಬ್ಬಿನ ಖರ್ಚಿಲ್ಲ, ನಾಟಿ ಕೂಲಿ ಇಲ್ಲ. ಹಾಗಾಗಿ ಎಲ್ಲರಿಗೂ ಕೂಳೆ ಮೇಲೆ ಆಸೆ. ಆದರೆ ಪ್ರತಿ ಕೂಳೆಗೂ ಇಳುವರಿ ಇಳಿಯುತ್ತೆ, ಬುಡ ಅಲ್ಲಲ್ಲಿ ಸತ್ತು ಸಾಲಿನ ನಡುವೆ ಖಾಲಿ ಜಾಗ ಬೀಳುತ್ತೆ. ಎರಡೋ ಮೂರೋ ಕೂಳೆ ಆದ ಮೇಲೆ ಎಲ್ಲ ಕಿತ್ತು, ಉತ್ತು, ಗೊಬ್ಬರ ಹಾಕಿ, ಹೊಸದಾಗಿ ನೆಡಲೇಬೇಕು.

ಅಪ್ಪನ ತಲೆಯಲ್ಲೂ ಆಗ ಅದೇ ಓಡ್ತಿತ್ತು. ಹಿಂದಿನ ವರ್ಷ ಬರ, ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ಹೊಸ ನಾಟಿಯಲ್ಲಿ ಎಕರೆಗೆ 45 ಟನ್ ಕೊಟ್ಟಿದ್ದ ನಮ್ಮ ಗದ್ದೆ ಎರಡನೇ ಕೂಳೆಗೆ 22 ಟನ್ನಿಗೆ ಬಂದು ನಿಂತಿತ್ತು. 2024ರ ಜುಲೈನಲ್ಲಿ ಕಟ್ಟೆ ತುಂಬಿ ನಾಲೆಗೆ ನೀರು ಬಂತು. ಆಗಸ್ಟ್‌ನಲ್ಲಿ ಕಡಿದ ಬುಡದಿಂದ ಮೂರನೇ ಕೂಳೆ ಹಸಿರಾಗಿ ಎದ್ದಿತ್ತು. ಅವ್ವ, "ಇಷ್ಟು ಚೆಂದಾಗಿ ಬಂದೈತಲ್ಲ, ಇನ್ನೊಂದು ವರ್ಷ ಬುಡಿ" ಅಂತಿದ್ಲು.

"ನೀರು ಬಂದ್ರೆ ಕೂಳೇನೂ ಹಸುರಾಗೇ ಕಾಣ್ತದೆ ಕನಮ್ಮಿ" ಅಂದ ಅಪ್ಪ. "ಕಣ್ಣಲ್ಲಿ ನೋಡ್ಬ್ಯಾಡ, ತೂಕ ಹಾಕು."

ಆ ಮಾತು ಕೇಳಿದ ತಕ್ಷಣ ನನಗೆ ಆರ್‌ಸಿಬಿಯ 2024ರ ಸೀಸನ್ ನೆನಪಾಯ್ತು. ಮೊದಲ ಎಂಟು ಪಂದ್ಯದಲ್ಲಿ ಗೆದ್ದಿದ್ದು ಒಂದೇ ಒಂದು. ಆಮೇಲೆ ಸಾಲಾಗಿ ಆರು ಗೆದ್ದು, ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನ ಮಣಿಸಿ ಪ್ಲೇಆಫ್ ಸೇರಿದಾಗ ನಾವೆಲ್ಲ ಕುಣಿದಿದ್ವಿ. ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಸೋತ್ರೂ, "ಇದೇ ಟೀಮ್ ಇರ್ಲಿ ಗುರು, ಮುಂದಿನ ಸಲ ಕಪ್ ನಮ್ದೇ" ಅಂದಿದ್ವಿ. ಅದು ಹಸಿರು. ಏಳು ಸೋತಿದ್ದ ತಂಡ ಆರು ಗೆದ್ದ ಖುಷಿಯಲ್ಲಿ ನಾವು ತೂಕ ಹಾಕೋದನ್ನ ಮರೆತಿದ್ವಿ.

ಹಾಗೆ ನೋಡಿದ್ರೆ ನನ್ನ ತಲೆಮಾರು ಆರ್‌ಸಿಬಿ ಜೊತೆ ಕಳೆದಿದ್ದೇ ಕೂಳೆ ನಂಬಿಕೊಂಡು. 2008ರ ಏಪ್ರಿಲ್ 18ರಂದು ಮೊಟ್ಟಮೊದಲ ಐಪಿಎಲ್ ಪಂದ್ಯ. ಸಿಇಟಿಗೆ ಓದೋದು ಬಿಟ್ಟು ಊರಿನ ಟೀ ಅಂಗಡಿಯ ಟಿವಿ ಮುಂದೆ ನಿಂತಿದ್ದೆ. ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮ ಇಡೀ ತಂಡ 82ಕ್ಕೆ ಆಲೌಟ್. ಮರುವರ್ಷ ಕುಂಬ್ಳೆ ನಾಯಕತ್ವದಲ್ಲಿ ಫೈನಲ್. ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿಂದ ಸೋತ್ವಿ. 2011ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 2016ರ ಫೈನಲ್ ನಮ್ಮದೇ ಮೈದಾನದಲ್ಲಿ. 209 ಬೇಕಿತ್ತು, ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಸೇರಿಸಿದ್ರು. ಕೊನೆಗೆ 8 ರನ್ ಕಮ್ಮಿ. ಮುಂದಿನ ವರ್ಷ ಅದೇ ದೊಡ್ಡ ಹೆಸರುಗಳ ತಂಡ 49ಕ್ಕೆ ಆಲೌಟಾಗಿ, ಪಟ್ಟಿಯಲ್ಲಿ ಕೊನೇ ಸ್ಥಾನಕ್ಕೆ ಹೋಯ್ತು.

ಇಷ್ಟೆಲ್ಲ ಗೊತ್ತಿದ್ರೂ ಅವತ್ತು ನನಗೆ ಯಾಕಷ್ಟು ಸಿಟ್ಟು ಬಂತು? ಯಾಕಂದ್ರೆ ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಲಿಸ್ಟ್ ಇತ್ತು.

ನನ್ನ ಟೀಮಿನಲ್ಲಿ ಹನ್ನೊಂದು ಜನ. ನಾವು ನೋಡಿಕೊಳ್ತಿದ್ದ ಹಳೆಯ ಪ್ರಾಜೆಕ್ಟ್ ವರ್ಷದ ಕೊನೆಗೆ ಮುಗಿಯೋದಿತ್ತು, ಜನವರಿಯಿಂದ ಹೊಸ ಕ್ಲೈಂಟ್, ಬೇರೆಯದೇ ಟೆಕ್ನಾಲಜಿ. ಎರಡು ವರ್ಷದಿಂದ ನಮ್ಮ ಡೆಲಿವರಿ ಚೆನ್ನಾಗಿರಲಿಲ್ಲ, ಅದು ನನಗೂ ಗೊತ್ತಿತ್ತು. ಆರು ಜನರನ್ನ ಇಟ್ಕೊ, ಐದು ಜನರ ಹೆಸರು ನವೆಂಬರ್ ಮುಗಿಯೋದ್ರೊಳಗೆ ಕಳಿಸು ಅಂತ ಮ್ಯಾನೇಜರ್ ಹೇಳಿದ್ರು. ಆ ಐದು ಜನ ಬೆಂಚಿಗೆ. ಎರಡು ತಿಂಗಳಲ್ಲಿ ಬೇರೆ ಪ್ರಾಜೆಕ್ಟ್ ಸಿಗದಿದ್ರೆ ಮನೆಗೆ.

ನಾಲ್ಕು ಹೆಸರು ಹೇಗೋ ಬರೆದಿದ್ದೆ. ಐದನೆಯದು ಅಣ್ಣಂದು. ಕೆ.ಆರ್. ಪೇಟೆ ಕಡೆಯವರು, ವಯಸ್ಸು ನಲವತ್ತು ದಾಟಿತ್ತು, ಟೀಮಿನಲ್ಲಿ ಎಲ್ಲರೂ ಕರೀತಿದ್ದಿದ್ದು ಅಣ್ಣ ಅಂತಲೇ. ಮಂಡ್ಯದಲ್ಲಿ ಬಿಇ ಮುಗಿಸಿ ಬಂದು, ಮೀಟಿಂಗಿನಲ್ಲಿ ಇಂಗ್ಲಿಷ್ ಬಾಯಿಗೆ ಬರದೆ ಬೆವರ್ತಿದ್ದ ಕಾಲದಲ್ಲಿ ನನ್ನ ಪಕ್ಕ ಕೂತು, "ಕೋಡ್ ಸರಿ ಇದ್ರೆ ಇಂಗ್ಲಿಷ್ ತಾನೇ ಬರ್ತದೆ, ಹೆದರ್ಬೇಡ" ಅಂದವರು ಅವರು. ಹಳೇ ಸಿಸ್ಟಮಿನ ಪ್ರತಿ ಮೂಲೆ ಅವರಿಗೆ ಗೊತ್ತು. ಹೊಸ ಕೆಲಸಕ್ಕೆ ಬೇಕಾದದ್ದು ಗೊತ್ತಿರಲಿಲ್ಲ, ಕಲಿಯೋಕೆ ನಾನು ಎರಡು ಸಲ ಹೇಳಿದ್ರೂ ಆಗಿರಲಿಲ್ಲ.

ನವೆಂಬರ್ 24, 25ರಂದು ಜೆಡ್ಡಾದಲ್ಲಿ ಹರಾಜು. ಆಫೀಸಿನ ಎರಡನೇ ಸ್ಕ್ರೀನಿನಲ್ಲಿ ಅದನ್ನ ಹಾಕ್ಕೊಂಡೇ ನಾನು ಲಿಸ್ಟ್ ತಿದ್ದುತ್ತಿದ್ದೆ. ಆರ್‌ಸಿಬಿ ಕೈಯಲ್ಲಿ 83 ಕೋಟಿ ಇತ್ತು. ನಮ್ಮ ಕೆ.ಎಲ್. ರಾಹುಲ್ ಬರ್ತಾರೆ ಅಂತ ಎಲ್ಲರೂ ಕಾದಿದ್ವಿ, 14 ಕೋಟಿಗೆ ದೆಹಲಿ ಪಾಲಾದ್ರು. ಸಿರಾಜ್ 12.25 ಕೋಟಿಗೆ ಗುಜರಾತಿಗೆ ಹೋದ್ರು. ನಾವು ತಗೊಂಡಿದ್ದು ಹೇಜಲ್‌ವುಡ್ 12.5 ಕೋಟಿ, ಫಿಲ್ ಸಾಲ್ಟ್ 11.5, ಜಿತೇಶ್ ಶರ್ಮಾ 11, ಭುವನೇಶ್ವರ್ 10.75, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3. ಮೊದಲ ಸುತ್ತಿನಲ್ಲಿ ಯಾರೂ ಕೇಳದ ದೇವದತ್ತ ಪಡಿಕ್ಕಲ್ ಆಮೇಲೆ ಮೂಲಬೆಲೆ 2 ಕೋಟಿಗೆ ಸಿಕ್ಕಿದ್ರು. ವಾಟ್ಸಾಪ್ ಗ್ರೂಪಿನಲ್ಲಿ ಬೈಗುಳದ ಮಳೆ. ಪೋಸ್ಟರಿಗೆ ಹಾಕೋಕೆ ಒಂದು ಮುಖ ಇಲ್ಲ ಅಂತ ನಾನೂ ಬೈದೆ.

ಈಗ ಯೋಚಿಸಿದ್ರೆ ಅವರು ಪೋಸ್ಟರಿಗೆ ಕೊಂಡಿರಲೇ ಇಲ್ಲ. ಚಿನ್ನಸ್ವಾಮಿ ಚಿಕ್ಕ ಮೈದಾನ, ಅಲ್ಲಿ ಎಷ್ಟು ರನ್ ಹೊಡೆದ್ರೂ ಉಳಿಯಲ್ಲ. ನಮಗೆ ಯಾವಾಗಲೂ ಕೊರತೆ ಇದ್ದಿದ್ದು ಬೌಲರುಗಳದ್ದು, ಆರನೇ ಏಳನೇ ಕ್ರಮಾಂಕದಲ್ಲಿ ಬಂದು ಹೊಡೆಯೋರದ್ದು. ಆ ಖಾಲಿ ಜಾಗಗಳನ್ನ ನೋಡಿ ಕೊಂಡಿದ್ರು. ಎಲ್ಲಿ ಬುಡ ಸತ್ತಿದೆ ಅಂತ ಸಾಲು ಸಾಲು ನೋಡ್ಕೊಂಡು ಬರೋ ರೈತನ ಹಾಗೆ. ಮುಂದಿನ ಫೆಬ್ರವರಿ 13ರಂದು ನಾಯಕನ ಹೆಸರು ಹೇಳುವಾಗಲೂ ಕೊಹ್ಲಿಗೆ ವಾಪಸ್ ಹೋಗಲಿಲ್ಲ, ಪಾಟೀದಾರ್‌ಗೆ ಕೊಟ್ರು.

ನಾನೂ ಲಿಸ್ಟ್ ಕಳಿಸಿದೆ. ಐದನೇ ಹೆಸರು ಅಣ್ಣನದ್ದೇ. ತೂಕ ಹಾಕಿಯೇ ಬರೆದಿದ್ದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅವರಿಗೆ ಅದನ್ನ ನಾನು ಹೇಳಲಿಲ್ಲ. ಎಚ್‌ಆರ್‌ನವರು ವಿಡಿಯೋ ಕಾಲಿನಲ್ಲಿ ಹೇಳಿದ್ರು. ಆ ಹೊತ್ತಿನಲ್ಲಿ ನಾನು ಪಕ್ಕದ ಮೀಟಿಂಗ್ ರೂಮಿನಲ್ಲಿ, ಇಲ್ಲದ ಮೀಟಿಂಗ್ ಮಾಡ್ತಾ ಕೂತಿದ್ದೆ. ಗಾಜಿನಾಚೆ ಅವರು ಬ್ಯಾಗ್ ಹಾಕ್ಕೊಂಡು ಲಿಫ್ಟಿನ ಕಡೆ ಹೋಗಿದ್ದು ಕಾಣಿಸ್ತು. ಒಂದು ಸಲ ಈ ಕಡೆ ನೋಡಿದ್ರು. ನಾನು ಸ್ಕ್ರೀನ್ ನೋಡಿದೆ.

ಅದೇ ವಾರ ಅಪ್ಪ ಟ್ರ್ಯಾಕ್ಟರ್ ಕರೆಸಿ ಕೂಳೆ ಕೀಳಿಸಿದ. ಶನಿವಾರ ಊರಿಗೆ ಹೋದಾಗ ಗದ್ದೆ ಬಿಸಿಲಲ್ಲೇ ನಿಂತಿದ್ದ. ಟ್ರ್ಯಾಕ್ಟರಿನವನು ಮಾಡ್ತಾನಲ್ಲ, ನೀನ್ಯಾಕೆ ನಿಂತಿದ್ದೀಯ ಅಂದೆ. "ಮೂರು ಬೆಳೆ ಉಂಡಿದ್ದೀನಿ ಕನ್ಲಾ ಇದ್ರಲ್ಲಿ. ಕೀಳೋವಾಗ ಮನೇಲಿ ಕೂತ್ಕಂಡಿರಕ್ಕಾಯ್ತದಾ?" ಅಂದ. ನಾನು ಮಾತಾಡಲಿಲ್ಲ.

2025ರ ಸೀಸನ್ ಶುರುವಾಯ್ತು. ಈಡನ್‌ನಲ್ಲಿ ಗೆದ್ರು. ಚೆಪಾಕ್‌ನಲ್ಲಿ 2008ರ ನಂತರ ಮೊದಲ ಸಲ ಗೆದ್ರು. ಏಪ್ರಿಲ್ 2ಕ್ಕೆ ಮನೆಯಂಗಳದ ಮೊದಲ ಪಂದ್ಯ, ಎದುರಾಳಿ ಗುಜರಾತ್. ಸಿರಾಜ್ ಅದೇ ಚಿನ್ನಸ್ವಾಮಿಯಲ್ಲಿ, ಬೇರೆ ಬಣ್ಣದ ಅಂಗಿ ಹಾಕ್ಕೊಂಡು, 19 ರನ್ನಿಗೆ 3 ವಿಕೆಟ್ ತೆಗೆದು ನಮ್ಮನ್ನ ಸೋಲಿಸಿದ್ರು. ಎಂಟು ದಿನದ ನಂತರ ರಾಹುಲ್ ಅಲ್ಲೇ ಅಜೇಯ 93 ಹೊಡೆದು, ಬ್ಯಾಟಿನಲ್ಲಿ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಅಂತ ತೋರಿಸಿದ್ರು. ತಂಡ ಕಟ್ಟುವಾಗ ಬಿಟ್ಟುಬಂದವರು ಎಲ್ಲೂ ಮಾಯವಾಗಲ್ಲ, ಎದುರಿಗೆ ಬಂದೇ ಬರ್ತಾರೆ.

ಸಿರಾಜ್ ವಿಕೆಟ್ ತೆಗೆದ ರಾತ್ರಿ ನಾನು ಅಣ್ಣನಿಗೆ ಫೋನ್ ಮಾಡಿದೆ. ನಾಲ್ಕು ತಿಂಗಳಾಗಿತ್ತು. ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತಂತೆ, ಸಂಬಳ ಕಮ್ಮಿ, ಮನೆ ಸಾಲದ ಕಂತು ಕಟ್ಟೋಕೆ ಹೆಂಡತಿಯೂ ಟ್ಯೂಷನ್ ಶುರು ಮಾಡಿದ್ದಾರಂತೆ. ಸಾರಿ ಅಣ್ಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು.

"ನನ್ನ ಹೆಸರು ಬರೆದಿದ್ದು ತಪ್ಪಲ್ಲ ಕಣಪ್ಪ. ನಿನ್ನ ಜಾಗದಲ್ಲಿ ನಾನಿದ್ರೂ ಬರೀತಿದ್ನೇನೋ. ಆದ್ರೆ ನೀನೇ ಬಂದು ಹೇಳಬಹುದಿತ್ತು. ಹತ್ತು ಹೆಜ್ಜೆ ದೂರ ಇದ್ದೆ."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮುಂದಿನದು ನಿಮಗೆಲ್ಲ ಗೊತ್ತು. ಲೀಗ್ ಹಂತದಲ್ಲಿ ಹೊರಗಿನ ಏಳು ಪಂದ್ಯಗಳನ್ನೂ ಗೆದ್ದರು. ಆ ಸೀಸನ್‌ನಲ್ಲಿ ಆರ್‌ಸಿಬಿಯ ಒಂಬತ್ತು ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠರಾದರು. ಒಂದೇ ಬುಡ ನಂಬಿಕೊಂಡಿದ್ದ ತಂಡ ಅದಾಗಿ ಉಳಿದಿರಲಿಲ್ಲ. ಜೂನ್ 3, ಅಹಮದಾಬಾದ್. ನಾವು 190, ಪಂಜಾಬ್ 184. ಪೋಸ್ಟರಿಗೆ ಆಗಲ್ಲ ಅಂತ ನಾನು ಬೈದಿದ್ದ ಕೃಣಾಲ್ 17 ರನ್ನಿಗೆ 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠ. 2009ರಲ್ಲಿ ಸೋತಿದ್ದು 6 ರನ್ನಿಂದ, 2025ರಲ್ಲಿ ಗೆದ್ದಿದ್ದೂ 6 ರನ್ನಿಂದ. ಟೀ ಅಂಗಡಿಯಲ್ಲಿ ನಿಂತಿದ್ದ ಹುಡುಗ ಮೂವತ್ತೈದರ ಹತ್ತಿರ ಬಂದು, ಸೋಫಾ ಮೇಲೆ ಕೂತು ಅತ್ತ. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಪ್ ನೋಡೋಕೆ ಹೋದವರು ಮನೆಗೆ ಬರಲಿಲ್ಲ. ಕೂಳೆ, ನಾಟಿ ಅನ್ನೋ ನನ್ನ ಹೋಲಿಕೆಗಳಿಗೆ ಅಲ್ಲಿ ಜಾಗವಿಲ್ಲ. ಆ ಸೀಸನ್ ನೆನೆಸ್ಕೊಂಡಾಗ ಎರಡೂ ದಿನ ಜೊತೆಗೇ ಬರ್ತವೆ.

ನನ್ನ ಹೊಸ ಟೀಮ್ ಪರವಾಗಿಲ್ಲ, ಚೆನ್ನಾಗೇ ನಡೀತಿದೆ. ಅಪ್ಪನ ಹೊಸ ನಾಟಿಯೂ ಚೆನ್ನಾಗಿ ಬಂತು. ಕೀಳೋದನ್ನ ಅಪ್ಪನಿಂದ ಕಲಿತೆ. ಕೀಳುವಾಗ ಅಲ್ಲೇ ನಿಂತಿರೋದನ್ನ ಕಲಿಯೋಕೆ ಮಾತ್ರ ತಡವಾಯ್ತು. ಮೊನ್ನೆ ಮತ್ತೊಂದು ಲಿಸ್ಟ್ ಕೇಳಿದ್ರು, ಈ ಸಲ ಒಂದೇ ಹೆಸರು. ಎಚ್‌ಆರ್‌ನವರಿಗೆ ಒಂದು ದಿನ ತಡೀರಿ ಅಂದೆ. ಆ ಹುಡುಗನನ್ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ, ಎರಡು ಟೀ ತರಿಸಿ, ನಾನೇ ಹೇಳಿದೆ. ಅವನು ನನ್ನನ್ನ ಬೈದ. ಟೀ ಆರಿಹೋಗೋ ತನಕ ಬೈದ. ನಾನು ಎದ್ದು ಹೋಗಲಿಲ್ಲ.